ಬಚ್ಚಲ ನೀರನ್ನು ಬಿಟ್ಟು ಬರಲು ಹೊರಟ ಅಕ್ಕ

ನಮ್ಮ ಅಕ್ಕ ನಮ್ಮ ಮನೆಯ ಬಚ್ಚಲ ನೀರನ್ನು ಸಮುದ್ರದವರೆಗೆ ಬಿಟ್ಟು ಬರುವುದಾಗಿ ತೀರ್ಮಾನಿಸಿದ್ದಾಳೆ. ಸೈಕಲ್ಲಿನಲ್ಲಿ! ಅವಳಿಗೆ ಈಗ ಅರವತ್ತೊಂದು ವರ್ಷ, ಸೈಕಲ್ಲಿಗೆ ನಲವತ್ತು ದಾಟಿದೆ, ಬಚ್ಚಲಿಗೆ ಎಷ್ಟೋ ಯಾರಿಗೂ ನೆನಪಿಲ್ಲ. ಈ ಮೂವರಲ್ಲಿ ಮೊದಲು ಕೈಕೊಡುವವರು ಯಾರು ಎಂದು ನಮ್ಮ ಬೀದಿಯವರು ಮಾತಾಡಿಕೊಳ್ಳುತ್ತಿದ್ದಾರೆ. ಬೀದಿಯವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಮೊದಲು ಕೈಕೊಡುವವನು ಈ ಮೂವರಲ್ಲಿಲ್ಲ. ಅವನು ನಾನು.

ಎಲ್ಲ ಶುರುವಾದದ್ದು ಬಚ್ಚಲು ಕಟ್ಟಿಕೊಂಡ ದಿನ. ನಾವಿರುವುದು ಹೆಗ್ಗನಹಳ್ಳಿಯಲ್ಲಿ. ಅದು ನಿಜವಾಗಿ ಹಳ್ಳಿಯಾಗಿದ್ದ ಕಾಲದಿಂದಲೂ ಇದ್ದೇವೆ. ಪೈಪು ಬಿಡಿಸಲು ಒಬ್ಬ ಬಂದು ಉದ್ದನೆಯ ಕಂಬಿ ತೂರಿಸುತ್ತಿದ್ದ. ಅಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಈ ನೀರು ಎಲ್ಲಿಗೆ ಹೋಗುತ್ತಪ್ಪಾ?"

"ಮೋರಿಗೆ ಆಂಟಿ."

"ಅಲ್ಲಿಂದ?"

"ದೊಡ್ಡ ಮೋರಿಗೆ."

"ಅಲ್ಲಿಂದ?"

"ವೃಷಭಾವತಿಗೆ."

"ಅಲ್ಲಿಂದ?"

"ಆಂಟಿ, ನಂಗೆ ಇನ್ನೂ ಎರಡು ಮನೆ ಐತೆ."

ಉತ್ತರ ಸಿಗದ ಪ್ರಶ್ನೆಯನ್ನು ನಾವು ನೀವಾದರೆ ಅಲ್ಲಿಗೆ ಬಿಟ್ಟುಬಿಡುತ್ತೇವೆ. ಅಕ್ಕ ಸೈಕಲ್ ಹತ್ತಿದಳು. ಅವಳದು ಅಡ್ಡಕಂಬಿ ಇರುವ ಗಂಡಸರ ಸೈಕಲ್ಲು. ಸೀರೆಯನ್ನು ಕಚ್ಚೆಯ ಹಾಗೆ ಹಿಂದಕ್ಕೆ ಎಳೆದು ಸಿಕ್ಕಿಸಿಕೊಂಡು ಹತ್ತಿದಳೆಂದರೆ ಬಿಎಂಟಿಸಿ ಬಸ್ಸಿನವರೂ ಜಾಗ ಬಿಡುತ್ತಾರೆ. ಮೋರಿಯ ಜೊತೆಯಲ್ಲೇ ಹೊರಟು, ಸುಮನಹಳ್ಳಿ ದಾಟಿ, ನಾಯಂಡಹಳ್ಳಿ ದಾಟಿ, ಮೈಸೂರು ರಸ್ತೆ ಹಿಡಿದು ಹೋದವಳು ವಾಪಸ್ ಬಂದದ್ದು ಸಂಜೆಗೆ. ನಾನು ಆಟೋ ಓಡಿಸುವವನು. ಆಗ ತಾನೇ ಗಾಡಿ ನಿಲ್ಲಿಸಿ ಕಾಫಿ ಲೋಟ ಹಿಡಿದಿದ್ದೆ. ಮೂಗಿಗೆ ಕಟ್ಟಿಕೊಂಡಿದ್ದ ಸೆರಗನ್ನು ಬಿಚ್ಚುತ್ತಾ, ನೆಂಟರ ಮನೆಯ ಸಮಾಚಾರ ಹೇಳುವ ಹಾಗೆ ಹೇಳಿದಳು:

"ಕೆಂಗೇರಿವರ್ಗೂ ಹೋಗ್ಬಂದೆ ಕಣೋ. ನಮ್ ನೀರು ಚೆನ್ನಾಗಿದೆ."

ನಾನು ಲೋಟ ಕೆಳಗಿಟ್ಟೆ. ವೃಷಭಾವತಿ ಹೊಳೆಯನ್ನು ಕಣ್ಣಾರೆ ಕಾಣಬೇಕೆಂದೇನೂ ಇಲ್ಲ, ಮೈಸೂರು ರಸ್ತೆಯಲ್ಲಿ ಕಿಟಕಿ ಮುಚ್ಚಿಕೊಂಡು ಹೋದವರಿಗೂ ಆಕೆಯ ಪರಿಚಯವಿರುತ್ತದೆ. ಆಕೆಯನ್ನು "ಚೆನ್ನಾಗಿದೆ" ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ವಾಸನೆ ಬರಲಿಲ್ವಾ ಅಕ್ಕ?"

"ಬಂತು. ನಾವು ಕೊಟ್ಟಿದ್ದೇ ತಾನೇ ಅದಕ್ಕೆ."

ಆಮೇಲೆ ಒಂದು ವಾರ ಕಂಡಕಂಡವರನ್ನೆಲ್ಲ ವಿಚಾರಿಸಿದಳು. ವೃಷಭಾವತಿ ಹೋಗಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ ಎಂದು ಗೊತ್ತಾದ ದಿನ ಅವಳ ಮುಖ ನೋಡಬೇಕಿತ್ತು. ಕಳೆದುಹೋದ ನೆಂಟಸ್ತಿಕೆ ಸಿಕ್ಕಿದ ಹಾಗೆ!

"ನೋಡೋ, ಕಾವೇರಿ ವಾರಕ್ಕೆರಡು ಸಲ ನಲ್ಲೀಲಿ ನಮ್ಮನೆಗೆ ಬರ್ತಾಳೆ. ನಾವೇನ್ ಮಾಡ್ತೀವಿ? ಪಾತ್ರೆ ತೊಳೆಸ್ಕೊಂಡು, ಬಟ್ಟೆ ಒಗೆಸ್ಕೊಂಡು, ಬಚ್ಚಲಿಗೆ ತಳ್ಳಿ ಬಾಗ್ಲು ಹಾಕ್ಕೊಳ್ತೀವಿ. ನೆಂಟ್ರು ಬಂದ್ರೆ ಬಸ್ ಸ್ಟಾಪ್‌ವರ್ಗಾದ್ರೂ ಹೋಗಿ ಬಿಟ್ಟು ಬರಲ್ವಾ?"

"ಬಸ್ ಸ್ಟಾಪ್‌ವರೆಗೆ ತಾನೇ? ಅವರ ಊರಿನವರೆಗೆ ಯಾರಕ್ಕ ಹೋಗ್ತಾರೆ?"

"ಇವಳಿಗೆ ಬಸ್ ಸ್ಟಾಪ್ ಇಲ್ವಲ್ಲೋ. ಇಳಿಯೋದೇ ಸಮುದ್ರದಲ್ಲಿ. ನಾನೇನ್ ಮಾಡ್ಲಿ?"

ಇದಕ್ಕೆ ಏನು ಹೇಳುತ್ತೀರಿ?

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಲೆಕ್ಕದಲ್ಲಿ ಅವಳನ್ನು ಮೀರಿಸಿದವರು ನಮ್ಮ ಮನೆಯಲ್ಲಿಲ್ಲ. ನನ್ನ ಮಗಳ ಕೈಲಿ ಫೋನಿನಲ್ಲಿ ಮ್ಯಾಪು ತೆಗೆಸಿ, ಒಂದು ಉದ್ದ ನೋಟುಬುಕ್ಕಿನಲ್ಲಿ ಊರುಗಳನ್ನು ಒಂದರ ಕೆಳಗೊಂದು ಬರೆದಳು. ಹೆಗ್ಗನಹಳ್ಳಿ, ಕೆಂಗೇರಿ, ಅರ್ಕಾವತಿ, ಸಂಗಮ. ಸಂಗಮದ ಕೆಳಗೆ ಊರಿನ ಹೆಸರಿರಲಿಲ್ಲ. "ಆನೆ" ಎಂದಿತ್ತು. ಅದರ ಮುಂದೆ "ಕಾಯುವುದು" ಎಂದಿತ್ತು.

"ಇದೇನಕ್ಕ?"

"ಅಲ್ಲಿ ಕಾಡಂತೆ. ಆನೆ ಬಂದ್ರೆ ಕಾಯೋದು."

"ಅದು ಹೋಗದಿದ್ರೆ?"

"ಅದಕ್ಕೂ ಮನೆ ಮಠ ಇರಲ್ವೇನೋ? ಹೋಗುತ್ತೆ."

ಆನೆಯ ಕೆಳಗೆ ಹೊಗೇನಕಲ್, ಮೆಟ್ಟೂರು, ಈರೋಡು, ತಿರುಚ್ಚಿ, ಪೂಂಪುಹಾರ್. ಎಲ್ಲಕ್ಕಿಂತ ಕೆಳಗೆ "ಸಮುದ್ರ. ನಮಸ್ಕಾರ. ವಾಪಸ್ ರೈಲು." ಒಟ್ಟು ಆರುನೂರು ಕಿಲೋಮೀಟರ್ ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದಿದ್ದಳು. ಹಾಳೆ ತಿರುಗಿಸಿದೆ. ಹಿಂದೆ ಸಾಮಾನಿನ ಪಟ್ಟಿ ಇತ್ತು: ಪಂಪು, ಟಾರ್ಚು, ಚಟ್ನಿಪುಡಿ, ಸೊಳ್ಳೆಗೆ ಬೇವಿನೆಣ್ಣೆ, ತಮ್ಮ, ತೆಂಗಿನೆಣ್ಣೆ.

ಎರಡು ಸಲ ಓದಿದೆ.

"ಅಕ್ಕ, ಇದೇನು?"

"ತೆಂಗಿನೆಣ್ಣೆನಾ? ಕಾಲಿಗೆ."

"ಅದರ ಹಿಂದಿಂದು."

"ನೀನು ಕಣೋ. ಮತ್ತೆ ಒಬ್ಳೇ ಹೋಗ್ಲಾ?"

ಇಲ್ಲಿ ನಾನು ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನನಗೆ ಐವತ್ತನಾಲ್ಕು ವರ್ಷ. ಮೂವತ್ತು ವರ್ಷದಿಂದ ಈ ಊರಿನ ಗುಂಡಿ, ಹಂಪು, ಸಿಗ್ನಲ್ಲುಗಳಲ್ಲಿ ಆಟೋ ಓಡಿಸಿದ್ದೇನೆ. ನನಗೆ ಸೈಕಲ್ ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ಮೂರು ಚಕ್ರದ ಗಾಡಿ ಕಂಡುಹಿಡಿದ ಪುಣ್ಯಾತ್ಮನಿಗೆ ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಇದು ನನ್ನ ಹೆಂಡತಿಯೊಬ್ಬಳಿಗೆ ಗೊತ್ತು. ಅಕ್ಕನಿಗೆ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ಏನಂತೆ, ಹೇಳಿದರೆ ಮುಗಿಯಿತಲ್ಲ ಎನ್ನುತ್ತೀರಿ. ಮುಗಿಯುವುದಿಲ್ಲ.

ಅಪ್ಪ ತೀರಿಕೊಂಡ ವರ್ಷ ಅಕ್ಕ ಶಾಲೆ ಬಿಟ್ಟು ಅಮ್ಮನ ಜೊತೆ ಊದುಬತ್ತಿ ಹೊಸೆಯಲು ಕೂತಳು. ಆಗ ನಾನು ಇನ್ನೂ ತೊದಲು ಮಾತಾಡುತ್ತಿದ್ದೆನಂತೆ. ನಾನು ಎಂಟನೇ ಕ್ಲಾಸಿಗೆ ಬಂದಾಗ ಹೈಸ್ಕೂಲು ಮಾಗಡಿ ರಸ್ತೆಯಲ್ಲಿ ಮೂರು ಕಿಲೋಮೀಟರ್ ದೂರವಿತ್ತು. ಅಷ್ಟು ದೂರ ತಮ್ಮ ನಡೆಯಬಾರದೆಂದು ಅಕ್ಕ ವರ್ಷಗಟ್ಟಲೆ ಹೊಸೆದು ನನಗೆ ಸೈಕಲ್ ತಂದುಕೊಟ್ಟಳು. ಊದುಬತ್ತಿಯ ಕಪ್ಪು ಹಿಟ್ಟು ಮೆತ್ತಿದ ಕೈಯಲ್ಲಿ ಮುಟ್ಟಿದರೆ ಕೊಳೆಯಾಗುತ್ತದೆಂದು ಸೈಕಲ್ಲನ್ನು ದೂರದಿಂದಲೇ ನೋಡಿ ನಕ್ಕಳು. ಮೊದಲ ಭಾನುವಾರ ನಾನು ಬಯಲಿಗೆ ಒಯ್ದು ಹತ್ತಿದೆ, ಬಿದ್ದೆ. ಮತ್ತೆ ಹತ್ತಲಿಲ್ಲ. ಬೀಳುವ ಭಯ, ಅಷ್ಟೇ. ಬೇರೆ ದೊಡ್ಡ ಕಾರಣವಿದ್ದಿದ್ದರೆ ಬರೆಯಲು ನನಗೂ ಚೆನ್ನಾಗಿರುತ್ತಿತ್ತು. ಮನೆಗೆ ಬಂದು "ಬಂತು ಅಕ್ಕ" ಎಂದೆ.

ಮಾರನೆಯ ದಿನದಿಂದ ಸೈಕಲ್ಲನ್ನು ತಳ್ಳಿಕೊಂಡು ಶಾಲೆಗೆ ಹೋದೆ, ತಳ್ಳಿಕೊಂಡು ಬಂದೆ. ದಾರಿಯಲ್ಲಿ ಒಬ್ಬ ಪಂಚರ್ ಅಂಗಡಿಯವನಿದ್ದ. "ಏನೋ, ಪಂಚರ್ರಾ?" ಎಂದ. ಹೂಂ ಎಂದುಬಿಟ್ಟೆ. ಅವನು ಟ್ಯೂಬು ಎಳೆದು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ಹತ್ತು ನಿಮಿಷ ಹುಡುಕಿದ. ಒಂದು ಗುಳ್ಳೆಯೂ ಬರಲಿಲ್ಲ. ಎರಡನೇ ದಿನದಿಂದ "ಚೈನ್ ಬಿದ್ದೋಗಿದೆ ಅಣ್ಣ" ಎನ್ನತೊಡಗಿದೆ. ತಿಂಗಳುಗಟ್ಟಲೆ ದಿನಾ ಬೀಳುವ ಚೈನು ಪ್ರಪಂಚದಲ್ಲಿ ಎಲ್ಲಾದರೂ ಇದೆಯೇ? ಕೊನೆಕೊನೆಗೆ ಅವನು ಕೇಳುವುದನ್ನೂ ಬಿಟ್ಟ, ಸುಮ್ಮನೆ ನೋಡಿ ಮುಖ ತಿರುಗಿಸುತ್ತಿದ್ದ.

ಮನೆಯಲ್ಲಿ ಅಕ್ಕ, "ಸೈಕಲ್ ಇದ್ಯಲ್ಲ, ಹಾರ್ಕೊಂಡ್ ಹೋಗ್ತೀಯ, ಇನ್ನೆರಡು ಕೊಡ ನೀರು ತಂದಾಕು" ಎನ್ನುತ್ತಿದ್ದಳು. ಹಾಗಾಗಿ ದಿನಾ ತಡ. ಲೆಕ್ಕದ ಮೇಷ್ಟ್ರು ದಿನಾ "ನಾಳೆಯಿಂದ ಬೇಗ ಬಾಪ್ಪ" ಎಂದು ಒಳಗೆ ಬಿಡುತ್ತಿದ್ದರು. ಆ ಮಾತು ಕೇಳಿ ಕೇಳಿ ನಾಚಿಕೆಯಾಗಿ ದಸರಾ ರಜೆ ಮುಗಿದ ಮೇಲೆ ನಾನು ಹೋಗಲೇ ಇಲ್ಲ. ಯಾಕೆ ಎಂದು ಅಕ್ಕ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ: "ಲೆಕ್ಕದ ಮೇಷ್ಟ್ರು ಹೊಡೀತಾರೆ."

ಅಕ್ಕ ಕೈಯನ್ನೂ ತೊಳೆಯದೆ ಶಾಲೆಗೆ ಹೋದಳು. ಎಲ್ಲ ಮೇಷ್ಟ್ರುಗಳ ಮುಂದೆ, ಕಪ್ಪು ಕೈ ಎತ್ತಿ, "ನನ್ ತಮ್ಮನ ಮೈ ಮುಟ್ಟೋಕೆ ನೀವ್ಯಾರು?" ಎಂದಳಂತೆ. ಆ ಪುಣ್ಯಾತ್ಮರು ಸೀಮೆಸುಣ್ಣ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತಿದ್ದರಂತೆ. ನನ್ನನ್ನು ಒಂದು ದಿನವೂ ಮುಟ್ಟದ ಮನುಷ್ಯ! ಇವತ್ತಿಗೂ ಸಾರಿಗೆ ಉಪ್ಪು ಹೆಚ್ಚಾದರೆ ಅಕ್ಕ ಬೈಯುವುದು ಅವರನ್ನೇ.

ಸೈಕಲ್ಲನ್ನು ಆಮೇಲೆ ಅವಳೇ ಇಟ್ಟುಕೊಂಡಳು. ಎರಡೇ ದಿನದಲ್ಲಿ ಬಿದ್ದು ಎದ್ದು ಕಲಿತು, ಹೊಸೆದ ಊದುಬತ್ತಿಯ ಕಟ್ಟುಗಳನ್ನು ಹೇರಿಕೊಂಡು ಕಾರ್ಖಾನೆಗೆ ಹೋಗಿಬರತೊಡಗಿದಳು. ಬೀದಿಯವರಿಗೆಲ್ಲ ಸೀಟು ತೋರಿಸುತ್ತಿದ್ದಳು: "ನೋಡಿ, ನನ್ ತಮ್ಮ ಎಷ್ಟು ಜೋಪಾನ ಮಾಡಿದಾನೆ. ಅಂಗಡಿಯವರು ಹಾಕಿದ ಪ್ಲಾಸ್ಟಿಕ್ಕೂ ಹರಿದಿಲ್ಲ." ಹರಿಯುವುದು ಹೇಗೆ? ಕೂತಿದ್ದರೆ ತಾನೇ! ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಅಕ್ಕ ಇವತ್ತಿಗೂ "ಟೈಮ್ ಸಿಗಲಿಲ್ಲ" ಎನ್ನುತ್ತಾಳೆ. ಆ ಟೈಮೆಲ್ಲ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು.

ಈಗ ಹೇಳಿ, ಸೈಕಲ್ ಬರುವುದಿಲ್ಲ ಎಂದು ಹೇಳಿದರೆ ಅಷ್ಟಕ್ಕೇ ಮುಗಿಯುತ್ತದೆಯೇ?

ಹಾಗಾಗಿ ಉಪಾಯ ಹುಡುಕಿದೆ. ಸೊಂಟನೋವು ಎಂದೆ. "ಸೈಕಲ್ ತುಳಿದ್ರೆ ಹೋಗುತ್ತೆ" ಎಂದಳು. ಆಟೋದಲ್ಲಿ ಸಾಮಾನು ಹಾಕಿಕೊಂಡು ಹಿಂದೆ ಬರುತ್ತೇನೆ ಎಂದೆ.

"ನಿನ್ ಆಟೋಗೆ ತಮಿಳುನಾಡು ಪರ್ಮಿಟ್ ಇದ್ಯೇನೋ?"

"ಇಲ್ಲ."

"ಸೈಕಲ್‌ಗೆ ಬೇಕಿಲ್ಲ."

ಒಳಗೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಹೇಳ್ಬಿಡ್ರೀ ಅಕ್ಕಂಗೆ" ಎಂದಳು. "ನೀನೇ ಹೇಳು" ಎಂದೆ. "ಸೈಕಲ್ ವಿಷ್ಯ ನಾನ್ ಹೇಳ್ತೀನಿ. ಮೇಷ್ಟ್ರ ವಿಷ್ಯ ನೀವೇ ಹೇಳ್ಬೇಕು" ಎಂದಳು. ಅವಳು ಯಾವಾಗಲೂ ನ್ಯಾಯವಾಗಿಯೇ ಮಾತಾಡುತ್ತಾಳೆ, ಅದೇ ತೊಂದರೆ.

ಹೋದ ಶನಿವಾರ ಮನೆಗೆ ಬಂದರೆ ಬಾಗಿಲಲ್ಲಿ ಇನ್ನೊಂದು ಸೈಕಲ್ಲು. ಎದುರು ಮನೆಯವರು ಉಪಯೋಗಿಸದೆ ಬಿಟ್ಟಿದ್ದನ್ನು ಅಕ್ಕ ಕೇಳಿ ತಂದು, ಒರೆಸಿ, ಎಣ್ಣೆ ಬಿಟ್ಟು ನಿಲ್ಲಿಸಿದ್ದಳು. ಸೀಟು ಹಳೆಯದು. ಅದರ ಮೇಲೆ ಹೊಚ್ಚ ಹೊಸ ಪ್ಲಾಸ್ಟಿಕ್ಕು.

"ನೀನು ಜೋಪಾನ ಮಾಡೋನು ಅಂತ ಹಾಕ್ಸಿದೆ ಕಣೋ. ನಾಳೆ ಕೆಂಗೇರಿವರ್ಗೆ ಟ್ರಯಲ್."



ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. "ನೀನ್ ಮುಂದೆ ಹೋಗ್ತಾ ಇರು ಅಕ್ಕ, ನಾನ್ ಬರ್ತೀನಿ" ಎಂದೆ. ಅಕ್ಕ ತುಳಿದುಕೊಂಡು ಹೋದಳು. ನಾನು ಒಂದು ಕಾಲನ್ನು ಪೆಡಲಿನ ಮೇಲಿಟ್ಟೆ. ಇನ್ನೊಂದು ಕಾಲು ನೆಲ ಬಿಡಲಿಲ್ಲ. ಅದಕ್ಕೂ ನಲವತ್ತು ವರ್ಷದ ಹಿಂದಿನ ಬಯಲು ನೆನಪಿತ್ತೋ ಏನೋ. ಕೊನೆಗೆ ಹ್ಯಾಂಡಲ್ ಹಿಡಿದು ತಳ್ಳತೊಡಗಿದೆ. ಅದು ಮಾತ್ರ ಚೆನ್ನಾಗಿ ನೆನಪಿತ್ತು.

ಅರ್ಧ ಗಂಟೆಯ ಮೇಲೆ ಸುಮನಹಳ್ಳಿ ಸೇತುವೆಯ ಹತ್ತಿರ ಅಕ್ಕ ಕಂಡಳು. ಒಂದು ಕಾಲನ್ನು ನೆಲಕ್ಕೂರಿ ಹಿಂದೆ ತಿರುಗಿ ನೋಡುತ್ತಿದ್ದಳು.

"ಏನೋ, ಪಂಚರ್ರಾ?"

ಅದೇ ಪ್ರಶ್ನೆ. ಅದೇ ಉತ್ತರ ನಾಲಿಗೆಯ ತುದಿಗೆ ಬಂದೂ ಬಂತು. ಅವಳ ಕಣ್ಣು ನನ್ನ ಸೀಟಿನ ಪ್ಲಾಸ್ಟಿಕ್ಕಿನ ಮೇಲಿತ್ತು.

"ಪಂಚರ್ ಇಲ್ಲ ಅಕ್ಕ. ಚೈನೂ ಸರಿಗಿದೆ. ನಂಗೆ ಸೈಕಲ್ ಬರಲ್ಲ."

"ಹತ್ತೋ, ಬರುತ್ತೆ. ಕಲ್ತಿದ್ದು ಮರ್ತೋಗಲ್ಲ."

"ಮರ್ತಿಲ್ಲ. ಕಲ್ತೇ ಇರ್ಲಿಲ್ಲ."

ಅಕ್ಕ ಸೈಕಲ್ಲಿನಿಂದ ಇಳಿದಳು.

"ಮತ್ತೆ ಸ್ಕೂಲಿಗೆ?"

"ತಳ್ಕೊಂಡು."

"ದಿನಾನಾ?"

"ದಿನಾ."

"ಮೇಷ್ಟ್ರು?"

"ಹೊಡೀಲೇ ಇಲ್ಲ. ಒಂದಿನಾನೂ."

ಒಂದು ಲಾರಿ ಹೋಯಿತು. ಕೆಳಗೆ ಮೋರಿಯಲ್ಲಿ ನಮ್ಮ ಮನೆಯ ನೀರು, ಎಲ್ಲರ ಮನೆಯ ನೀರು, ನೊರೆ ಎತ್ತಿಕೊಂಡು ಹೋಗುತ್ತಿತ್ತು. ಬೈಗುಳ ಬರಲಿ ಎಂದು ಕಾದೆ. ಒಂದು ಏಟು ಬಿದ್ದರೂ ಸರಿ, ಆ ಮೇಷ್ಟ್ರು ಹೊಡೆಯದೆ ಬಿಟ್ಟದ್ದು ಇವಳ ಕೈಯಿಂದ ಬೀಳಲಿ ಎನ್ನಿಸಿತು. ಅಕ್ಕ ನನ್ನನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸುತ್ತಿದ್ದಳು.

"ಹೋಗೋಕೆ ಮೂರು, ಬರೋಕೆ ಮೂರು. ಜೂನ್‌ನಿಂದ ದಸರಾವರ್ಗೆ ರಜಾ ಗಿಜಾ ಕಳೆದ್ರೆ ನೂರು ದಿನ ಅನ್ನು." ಹೆಬ್ಬೆರಳು ಕೊನೆಯ ಗೆಣ್ಣಿಗೆ ಬಂತು. "ಆರುನೂರು ಕಣೋ."

"ಹೂಂ."

"ಇಲ್ಲಿಂದ ಸಮುದ್ರಕ್ಕೂ ಆರುನೂರೇ. ಅಷ್ಟುದ್ದ ತಳ್ಕೊಂಡ್ ಹೋಗಿದೀಯಲ್ಲೋ. ನಂಗೊಂದ್ ಮಾತ್ ಹೇಳ್ದೆ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಪಾಪ, ಆ ಮೇಷ್ಟ್ರನ್ನ ಎಷ್ಟ್ ಬೈದ್ಬಿಟ್ಟಿದೀನಿ" ಎಂದಳು. ಆಮೇಲೆ ತನ್ನ ಸೈಕಲ್ಲನ್ನು ಕೆಂಗೇರಿಯ ಕಡೆಗೆ ತಿರುಗಿಸಿದಳು. ಹತ್ತಲಿಲ್ಲ.

"ಹತ್ತಕ್ಕ. ನೀನ್ ಹೋಗು."

"ನೀರೇನು ಸೈಕಲ್ ಮೇಲೆ ಹೋಗುತ್ತೇನೋ? ಅದೂ ನಡ್ಕೊಂಡೇ ಹೋಗೋದು. ನಡಿ."

ಇಬ್ಬರೂ ಒಂದೊಂದು ಸೈಕಲ್ ತಳ್ಳಿಕೊಂಡು ನಡೆದೆವು. ಎದುರಿಗೆ ಬಂದವರೆಲ್ಲ ಎರಡೂ ಗಾಡಿಗೆ ಒಟ್ಟಿಗೇ ಪಂಚರ್ ಆಗಿದೆಯೆಂದುಕೊಂಡು ನೋಡಿ ಹೋಗುತ್ತಿದ್ದರು. ನಾಯಂಡಹಳ್ಳಿಯಲ್ಲಿ ರಸ್ತೆ ದಾಟುವಾಗ, ನನ್ನ ಕಡೆಗೆ ತಿರುಗದೆ, ಅಕ್ಕ ಮೆಲ್ಲಗೆ ಕೇಳಿದಳು:

"ಆಗ ಕಾಲು ನೋಯ್ತಿರ್ಲಿಲ್ವೇನೋ?"