ಫೋಟೋಕ್ಕೆ ಮೂವರು ಪದ್ರಿನೊಗಳು

"ನನ್ನ ಮಗಳ ಮದುವೆ ಫೋಟೋ ಹೇಗಿರಬೇಕು ಗೊತ್ತಾ? ಅತ್ಲಿಸ್ಕೊ ಊರಿಗೆ ಊರೇ ಬಾಯಿ ಬಿಟ್ಕೊಂಡು ನೋಡಬೇಕು! ಆದರೆ ನನ್ನ ಜೇಬಿಂದ ಒಂದೇ ಒಂದು ಪೆಸೊ ಹೋಗಬಾರದು!"

ಕ್ಷೌರದ ಕತ್ತಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಫಿದೆನ್ಸಿಯೊ ಹೀಗೆ ಘೋಷಿಸಿದಾಗ, ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಭಯಕ್ಕೆ ಕಣ್ಣು ಮುಚ್ಚಿಕೊಂಡ. ಮೂವತ್ತು ವರ್ಷದಿಂದ ಊರಿನ ಅಷ್ಟೂ ಗಂಡಸರ ತಲೆ ಫಿದೆನ್ಸಿಯೊನ ಕೈಯಲ್ಲಿದೆ. ಮೇಯರು ಬಂದರೂ ಅವನ ಮುಂದೆ ತಲೆ ಬಗ್ಗಿಸಲೇಬೇಕು! ಇದನ್ನು ಅವನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಾನೆ.

ಒಳಗಿನ ಸಂಗತಿ ಬೇರೆ. ಯಾದಿರಾ ಅವನಿಗೆ ಒಬ್ಬಳೇ ಮಗಳು. ಮದುವೆಯಾದ ಎರಡೇ ವಾರಕ್ಕೆ ಗಂಡ ಉಲಿಸೆಸ್ ಜೊತೆ ಮೆಕ್ಸಿಕೊದ ಆ ತುದಿಯ ಟಿಹುವಾನಾಕ್ಕೆ ಹೊರಡುವವಳು. ಬಸ್ಸಿನಲ್ಲಿ ಎರಡು ದಿನಕ್ಕೂ ಮಿಕ್ಕಿದ ಹಾದಿ! ಬಿಳಿ ಉಡುಪಿನ ಮಗಳು ತನ್ನ ತೋಳು ಹಿಡಿದು ನಿಂತ ಒಂದು ಫೋಟೋ ಅಂಗಡಿಯ ಗೋಡೆ ಮೇಲಿರಬೇಕು, ದಿನಾ ಬೆಳಗ್ಗೆ ಬೀಗ ತೆಗೆದ ಕೂಡಲೇ ಅದು ಕಣ್ಣಿಗೆ ಬೀಳಬೇಕು. ಅಷ್ಟೇ ಅವನ ಆಸೆ. ಅದನ್ನು ನೆನೆದು ಅಳು ಬಂದಾಗಲೆಲ್ಲ ಅವನು ಇನ್ನೂ ಜೋರಾಗಿ ಜಂಬ ಕೊಚ್ಚುತ್ತಿದ್ದ.

ಮದುವೆಯ ಮಿಕ್ಕ ಖರ್ಚಿಗೆಲ್ಲ ಪದ್ರಿನೊಗಳು ಸಿಕ್ಕಿದ್ದರು. ಉಂಗುರಕ್ಕೆ ಒಬ್ಬ, ಕೇಕಿಗೆ ಒಬ್ಬ, ಬ್ಯಾಂಡಿಗೆ ಇಬ್ಬರು, ಬಲೂನಿಗೂ ಒಬ್ಬ ಪುಣ್ಯಾತ್ಮ! ಖರ್ಚು ಅವರದು, ಮೈಕಿನಲ್ಲಿ ಹೆಸರು ಕೂಗಿಸಿಕೊಳ್ಳುವ ಗೌರವವೂ ಅವರದು. ಫೋಟೋಕ್ಕೆ ಮಾತ್ರ ಪದ್ರಿನೊ ಗಿಟ್ಟಿರಲಿಲ್ಲ.

"ಮುದುಕಾ, ನನ್ನ ಚೀಟಿ ದುಡ್ಡು ಬಂದಿದೆ" ಎಂದಳು ಹೆಂಡತಿ ಕೂಕಾ. "ಕಸಿಲ್ದಾನ ಕರೆಸೋಣ. ಅವಳು ಫೋಟೋ ತೆಗೆದರೆ ಕುಂಬಳಕಾಯಿ ಕೂಡ ಚೆಲುವಾಗಿ ಕಾಣುತ್ತೆ."

"ಹಾಗಿದ್ರೆ ನಿನ್ನ ಅಣ್ಣನ್ನ ಮೊದಲು ಅವಳ ಹತ್ರ ಕಳಿಸು! ಹೆಂಡತಿ ಚೀಟಿ ದುಡ್ಡಲ್ಲಿ ಫೋಟೋ ತೆಗೆಸೋಕೆ ನಾನೇನು ಸತ್ತು ಹೋಗಿದ್ದೀನಾ?"

"ಸತ್ತಿದ್ರೆ ಇಷ್ಟು ಮಾತಾಡ್ತಿರಲಿಲ್ಲ ಬಿಡು."

ಮಾರನೇ ದಿನ ಕಟುಕ ನಿಕನೋರ್ ಗಡ್ಡ ಹೆರೆಸಲು ಬಂದ. ಫಿದೆನ್ಸಿಯೊ ನೊರೆ ಹಚ್ಚಿದ, ಕತ್ತಿಯನ್ನು ಅವನ ಗಂಟಲಿನ ಮೇಲಿಟ್ಟ, ಆಮೇಲೆ ಕೇಳಿದ: "ನಿಕನೋರ್ ಅವರೇ, ನಮ್ಮ ಹುಡುಗಿ ಮದುವೆ ಫೋಟೋಕ್ಕೆ ನೀವು ಪದ್ರಿನೊ ಆಗ್ತೀರಾ?"

"ಅಯ್ಯೋ, ಅದು ನನ್ನ ಭಾಗ್ಯ!" ಎಂದ ನಿಕನೋರ್, ಗಂಟಲು ಅಲ್ಲಾಡಿಸದೆ.

ಫಿದೆನ್ಸಿಯೊ ಗೆದ್ದವನಂತೆ ಒಳಗೆ ಓಡಿದ. ಕೂಕಾ ಮೆಣಸಿನಕಾಯಿ ಹುರಿಯುತ್ತಲೇ ಹೇಳಿದಳು: "ಕುತ್ತಿಗೆ ಮೇಲೆ ಕತ್ತಿ ಇಟ್ಟರೆ ನಾನೂ ಭಾಗ್ಯ ಅಂತೀನಿ. ನಮ್ಮೂರಲ್ಲಿ ಯಾವನಾದ್ರೂ ಮುಖಕ್ಕೆ ಮುಖ ಕೊಟ್ಟು ಆಗಲ್ಲ ಅಂದಿದ್ದು ಕಂಡಿದ್ದೀಯಾ? ಹ್ಞೂಂ ಅಂತಾರೆ, ಆ ದಿನ ಬಂದಾಗ ಹೊಟ್ಟೆನೋವು ಅಂತಾರೆ."

ಮಾತೇನೋ ನಿಜ! ಹೋದ ವರ್ಷ ಒಬ್ಬರ ಮನೆ ಮದುವೆಗೆ ಕೇಕಿನ ಪದ್ರಿನೊ ಬರದೇ ಹೋಗಿ, ವಧೂವರರು ಬ್ರೆಡ್ಡು ಕತ್ತರಿಸಿದ್ದನ್ನು ಊರೇ ನೋಡಿತ್ತು. ಫಿದೆನ್ಸಿಯೊಗೆ ಭಯ ಹುಟ್ಟಿತು. ಆದರೆ ತಲೆ ಓಡಿಸುವುದರಲ್ಲಿ ಅವನೇನು ಕಡಿಮೆಯೇ! ಒಬ್ಬ ಕೈಕೊಟ್ಟರೆ ಇನ್ನೊಬ್ಬ ಇರಲಿ ಎಂದು ನಿವೃತ್ತ ಹೆಡ್‌ಮಾಸ್ತರ್ ಅಬುಂದಿಯೊ ಅವರನ್ನೂ ಕೇಳಿದ. ಇಬ್ಬರೂ ಕೈಕೊಟ್ಟರೆ ಎಂದು ಶವಪೆಟ್ಟಿಗೆ ಅಂಗಡಿಯ ಎಲಿಹಿಯೊ ಅವರನ್ನೂ ಕೇಳಿದ. ಅದೇ ಕುರ್ಚಿ, ಅದೇ ಕತ್ತಿ, ಅದೇ ಭಾಗ್ಯ! "ಮೂವರಲ್ಲಿ ಒಬ್ಬನಾದ್ರೂ ಬಂದೇ ಬರ್ತಾನೆ. ಇದಕ್ಕೆ ಬುದ್ಧಿ ಅಂತಾರೆ ಕಣೇ" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ.

ಮದುವೆಯ ದಿನ ಮೂವರೂ ಬಂದರು.

ಬರೀ ಬರಲಿಲ್ಲ, ಹೊಸ ಸೂಟು ಹಾಕಿಕೊಂಡು, ಆಳಿಗೊಬ್ಬ ಫೋಟೋಗ್ರಾಫರನನ್ನು ಕರೆದುಕೊಂಡೇ ಬಂದರು. ಮೈಕಿನವನು "ಫೋಟೋದ ಪದ್ರಿನೊ ಎದ್ದು ನಿಲ್ಲಬೇಕು!" ಎಂದು ಕೂಗಿದ. ಮೂರು ಕುರ್ಚಿ ಒಟ್ಟಿಗೆ ಕಿರುಗುಟ್ಟಿದವು. ಮೂವರೂ ಎದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಮೂವರೂ ಫಿದೆನ್ಸಿಯೊನ ಮುಖ ನೋಡಿದರು. ಅವನ ಬೆನ್ನಲ್ಲಿ ಬೆವರು ಕಿತ್ತುಕೊಂಡಿತು. ಆದರೂ ಮೈಕು ಕಸಿದುಕೊಂಡು ಗರ್ಜಿಸಿದ: "ಬೇರೆಯವರ ಮನೆ ಮದುವೆಗೆ ಒಬ್ಬ ಸಾಕು. ಫಿದೆನ್ಸಿಯೊ ಮಗಳ ಮದುವೆಗೆ ಮೂವರು ಬೇಕು!"

ಚಪ್ಪಾಳೆಯೋ ಚಪ್ಪಾಳೆ! ಫಿದೆನ್ಸಿಯೊ ಎದೆ ಇಷ್ಟಗಲ ಆಯಿತು. ಕೂಕಾ ಮಾತ್ರ ಹಣೆ ಒತ್ತಿಕೊಂಡಳು.

ಫೋಟೋಗ್ರಾಫರುಗಳ ಅಸಲು ಕಸುಬು ಆಮೇಲೆ ಬಯಲಾಯಿತು. ನಿಕನೋರ್ ತಂದವನು ಸರಕಾರಿ ಕಚೇರಿ ಎದುರು ಗುರುತಿನ ಚೀಟಿಗೆ ಫೋಟೋ ತೆಗೆಯುವವನು. ಮದುಮಗಳನ್ನು ಬಿಳಿ ಗೋಡೆಗೆ ಒರಗಿಸಿ, "ನಗಬೇಡಿ! ಹಲ್ಲು ಕಾಣಬಾರದು! ತಲೆ ಮೇಲಿನ ಬಟ್ಟೆ ತೆಗೀರಿ!" ಎಂದು ಗದರಿದ. "ಗಂಡನ ಜೊತೆ ನಿಲ್ಲಲಾ?" ಎಂದರೆ, "ಒಂದು ಚೀಟಿಗೆ ಒಬ್ಬರೇ!" ಎಂದ. ಮಾಸ್ತರು ತಂದವನು ಶಾಲೆಯಲ್ಲಿ ತರಗತಿಯ ಗುಂಪು ಫೋಟೋ ತೆಗೆಯುವವನು. ನೂರಾ ಎಪ್ಪತ್ತು ಮಂದಿ ನೆಂಟರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಯಾದಿರಾ ತುಸು ಉದ್ದ, ಹಿಂದಿನ ಸಾಲಿಗೆ ಹೋದಳು. ಉಲಿಸೆಸ್ ಗಿಡ್ಡ, ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ! ಎಲಿಹಿಯೊ ತಂದವನು ಪತ್ರಿಕೆಗೆ ಅಪಘಾತದ ಫೋಟೋ ತೆಗೆಯುವವನು. ಅವನು ಯಾರನ್ನೂ ನಿಲ್ಲಿಸಲಿಲ್ಲ, ಕೂರಿಸಲಿಲ್ಲ. ಯಾರಾದರೂ ಬೀಳಲಿ ಎಂದು ಮೂಲೆಯಲ್ಲಿ ಕಾಯುತ್ತ ನಿಂತ.

ಅವನ ಕಾಯುವಿಕೆ ಸುಳ್ಳಾಗಲಿಲ್ಲ. ಊಟವಾದ ಮೇಲೆ ವಧೂವರರು ಒಂದೊಂದು ಕುರ್ಚಿಯ ಮೇಲೆ ನಿಂತು ಕೈ ಕೈ ಹಿಡಿದರು. ಅತಿಥಿಗಳು ಉದ್ದನೆಯ ಹಾವಿನಂತೆ ಸಾಲುಗಟ್ಟಿ, ಅವರ ಕೈ ಕೆಳಗೆ ನುಗ್ಗಿ ಓಡತೊಡಗಿದರು. ಕುರ್ಚಿ ಅಲ್ಲಾಡಿಸಿ ಬೀಳಿಸುವುದೇ ಆ ಆಟದ ಗಮ್ಮತ್ತು! "ತಡೀರಿ, ಎತ್ತರದ ಪ್ರಕಾರ ಬನ್ನಿ!" ಎಂದು ಶಾಲೆಯವನು ಅಡ್ಡ ಬಂದ. "ಮುಖ ನೇರ ಇಡಿ!" ಎಂದು ಗುರುತಿನ ಚೀಟಿಯವನೂ ಅಡ್ಡ ಬಂದ. ಹಾವು ಇಬ್ಬರ ಮೇಲೂ ಹಾಯಿತು. ಅವರು ಉಲಿಸೆಸ್ ಕುರ್ಚಿಯ ಮೇಲೆ ಬಿದ್ದರು, ಉಲಿಸೆಸ್ ಅವರ ಮೇಲೆ ಬಿದ್ದ. ಅಪಘಾತದವನ ಮುಖ ಅರಳಿತು ನೋಡಿ! ಮೇಜು ಹತ್ತಿ ನಿಂತು ನಲವತ್ತು ಫೋಟೋ ತೆಗೆದ.

ವಾರದ ಮೇಲೆ ಮೂರು ಲಕೋಟೆ ಬಂದವು. ಮೊದಲನೆಯದರಲ್ಲಿ ಯಾದಿರಾ ಆಗತಾನೆ ಜೈಲಿಗೆ ಬಂದವಳಂತಿದ್ದಳು. ಎರಡನೆಯದರಲ್ಲಿ ಅವಳನ್ನು ಹುಡುಕಲು ಭೂತಗನ್ನಡಿ ಬೇಕಾಯಿತು. ಮೂರನೆಯದರಲ್ಲಿ ಉಲಿಸೆಸ್‌ನ ಒಂಟಿ ಬೂಟು ಬಲು ಸೊಗಸಾಗಿ ಬಂದಿತ್ತು. ಮತ್ತೆ ಆ ಫೋಟೋ? ಮಗಳು ಅಪ್ಪನ ತೋಳು ಹಿಡಿದು ಚರ್ಚಿನೊಳಗೆ ಕಾಲಿಟ್ಟ ಗಳಿಗೆ? ಮೂವರೂ ಬಾಗಿಲಲ್ಲಿ ಒಬ್ಬರಿಗೊಬ್ಬರು ಅಡ್ಡ ನಿಂತಿದ್ದರು. ಮೂರರಲ್ಲೂ ಇದ್ದದ್ದು ಇನ್ನೊಬ್ಬ ಫೋಟೋಗ್ರಾಫರನ ಬೆನ್ನು!

ಫಿದೆನ್ಸಿಯೊ ಲಕೋಟೆಗಳನ್ನು ಕೆಳಗಿಟ್ಟ. ಈ ಸಲ ಜಂಬವೂ ಬಾಯಿಗೆ ಬರಲಿಲ್ಲ. "ಕೂಕಾ, ಅವಳು ಹೋಗಿಬಿಡ್ತಾಳೆ. ನನ್ನ ಹತ್ರ ಒಂದು ಫೋಟೋನೂ ಇಲ್ಲ" ಎಂದ. ಕಣ್ಣು ತುಂಬಿ ಬಂತು. ಕೂಕಾ ಚೀಟಿ ದುಡ್ಡನ್ನು ಮೇಲಂಗಿ ಜೇಬಿಗೆ ತುರುಕಿಕೊಂಡು ಸೀದಾ ಕಸಿಲ್ದಾಳ ಮನೆಗೆ ನಡೆದಳು.

ಹೊರಡುವ ದಿನ ಯಾದಿರಾ ಮತ್ತೆ ಬಿಳಿ ಉಡುಪು ತೊಟ್ಟು ಅಂಗಡಿ ಮುಂದೆ ನಿಂತಳು. ಬಿಸಿಲು ಹದವಾಗಿತ್ತು. ಹಿಂದೆ ಪೊಪೊಕಾತೆಪೆತ್ಲ್ ಅಗ್ನಿಪರ್ವತ ಸಣ್ಣಗೆ ಹೊಗೆಯಾಡುತ್ತಿತ್ತು. ಅವಳು ಅಪ್ಪನ ತೋಳು ಹಿಡಿದುಕೊಂಡಳು. ಫಿದೆನ್ಸಿಯೊ ಉಸಿರು ಬಿಗಿಹಿಡಿದ. ಕಸಿಲ್ದಾ ಕ್ಯಾಮೆರಾ ಎತ್ತಿದಳು.

"ತಡೀರಿ, ತಡೀರಿ! ಪದ್ರಿನೊ ಇಲ್ಲದೆ ಎಂಥಾ ಫೋಟೋ!"

ಸುದ್ದಿ ಹೇಗೆ ಮುಟ್ಟಿತೋ, ಮೂವರೂ ಅದೇ ಸೂಟಿನಲ್ಲಿ ಏದುಸಿರು ಬಿಡುತ್ತ ಬಂದರು. ಫಿದೆನ್ಸಿಯೊ ಬೇಡ ಎನ್ನುವುದಾದರೂ ಹೇಗೆ? ಕತ್ತಿ ಹಿಡಿದು ಕೇಳಿಕೊಂಡವನು ಅವನೇ ತಾನೇ!

"ಒಂಚೂರು ಆಚೆ ಸರೀತೀರಾ?" ಎಂದ ನಿಕನೋರ್.

"ಅಯ್ಯೋ, ಅದಕ್ಕೇನಂತೆ!" ಎಂದು ಫಿದೆನ್ಸಿಯೊ ಸರಿದ.

"ನನಗೂ ಒಂಚೂರು ಜಾಗ" ಎಂದರು ಮಾಸ್ತರು. ಮತ್ತೆ ಸರಿದ. ದಢೂತಿ ಎಲಿಹಿಯೊ ನುಗ್ಗಿದರು. ಇನ್ನೂ ಸರಿದ. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಕಸಿಲ್ದಾ ಒಂದೇ ಒಂದು ಸಲ ಗುಂಡಿ ಒತ್ತಿದಳು. ಯಾದಿರಾ ಅಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡು, ಬಿಳಿ ಉಡುಪಿನಲ್ಲೇ ಅಳುತ್ತ ಗಂಡನ ಹಿಂದೆ ಬಸ್ಸು ಹತ್ತಿದಳು.

ಈಗ ಆ ಫೋಟೋ ಅಂಗಡಿಯ ಗೋಡೆ ಮೇಲಿದೆ. ಯಾದಿರಾ ದೇವತೆಯ ಹಾಗೆ ನಗುತ್ತಿದ್ದಾಳೆ. ಕ್ಷೌರಕ್ಕೆ ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. "ಎಲ್ಲಾ ಸರಿ, ಹುಡುಗಿ ಅಪ್ಪ ಎಲ್ಲಿ?" ಎಂದು ಯಾರಾದರೂ ಕೇಳಿದರೆ, ಫಿದೆನ್ಸಿಯೊ ಅವರ ಕುರ್ಚಿಯನ್ನೇ ಅತ್ತ ತಿರುಗಿಸಿ ಬೆರಳು ತೋರಿಸುತ್ತಾನೆ: "ಎಲಿಹಿಯೊ ಅವರ ಭುಜದ ಹಿಂದೆ ನೋಡಿ. ಅಲ್ಲಿ ಒಂದು ಕಿವಿ ಕಾಣುತ್ತಲ್ಲ? ಅದು ನಾನು! ಹತ್ತಿರ ಬಂದು ನೋಡಿ, ಎಂಥಾ ಕಿವಿ!"

ಒಳಗಿನಿಂದ ಕೂಕಾಳ ದನಿ ಬರುತ್ತದೆ: "ಕಿವಿಗೇನೂ ಮೋಸ ಇಲ್ಲ. ಮೊದಲ ದಿನವೇ ನಾನು ಹೇಳಿದ್ದನ್ನ ಆ ಕಿವಿ ಕೇಳಿಸಿಕೊಂಡಿದ್ರೆ, ಪೂರ್ತಿ ತಲೆ ಫೋಟೋದಲ್ಲಿ ಬರ್ತಿತ್ತು!"