ಇಪ್ಪತ್ತೇಳು ರಾಕ್ಷಸರನ್ನು ಎಬ್ಬಿಸುವ ಕಂಪ್ಯೂಟರ್

ನನ್ನ ತಮ್ಮ ಕಂಪ್ಯೂಟರನ್ನು ಮಲಗಿಸಿ ಅದಕ್ಕೆ ಬೆಡ್‌ಶೀಟ್ ಹೊದಿಸುತ್ತಿದ್ದ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ. ಅದೂ ಎಂಥ ಬೆಡ್‌ಶೀಟ್? ಮಸ್ಕತ್ತಿನಿಂದ ಮೊಮ್ಮಗಳು ನನಗೆಂದು ಕಳಿಸಿದ್ದು!

ಅವನಿಗೆ ಈಗ ಎಪ್ಪತ್ತೊಂದು. ಬಂದರಿನ ಒಂದು ಗೋದಾಮಿನಲ್ಲಿ ಒಣಮೆಣಸಿನ ಮೂಟೆಗಳ ನಡುವೆ ನಲವತ್ತು ವರ್ಷ ಸೀನಿ ನಿವೃತ್ತನಾದವನು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಪುರುಸೊತ್ತು ಆಗ್ಲಿಲ್ಲ ಅಕ್ಕ" ಎನ್ನುತ್ತಾನೆ. ಬೋಳಾರದ ನನ್ನ ಮನೆಯಲ್ಲೇ ಇದ್ದಾನೆ. ಎರಡು ವರ್ಷದ ಹಿಂದೆ ಯಕ್ಷಗಾನ ನೋಡಲೆಂದು ಕಂಪ್ಯೂಟರ್ ತಂದ. ತಂದ ದಿನ ಅದಕ್ಕೆ ಕುಂಕುಮ ಇಟ್ಟ, ಹೂ ಹಾಕಿದ, ಕಾಯಿ ಒಡೆದ, ಸ್ವಿಚ್ ಹಾಕಿದ. ಆ ಸ್ವಿಚ್ಚನ್ನು ಆಮೇಲೆ ತೆಗೆಯಲೇ ಇಲ್ಲ. ಕರೆಂಟ್ ಹೋದರೆ ಅದಕ್ಕೆ ತೊಂದರೆಯಾಗಬಾರದೆಂದು ಇನ್ವರ್ಟರ್ ಬೇರೆ ಹಾಕಿಸಿದ. ನನ್ನ ಮಿಕ್ಸಿಗೆ ಅದರಲ್ಲಿ ಪಾಲಿಲ್ಲ.

"ಒಮ್ಮೆ ಪೂರ್ತಿ ಬಂದ್ ಮಾಡು ಮಾರಾಯ, ಅದಕ್ಕೂ ಜೀವ ಉಂಟು" ಎಂದೆ ಒಂದು ದಿನ.

"ಜೀವ ಉಂಟೆಂದೇ ಬಂದ್ ಮಾಡುವುದಿಲ್ಲ. ಅಮ್ಮ ದೇವರ ದೀಪವನ್ನು ಆರಿಸು ಅಂತ ಯಾವತ್ತಾದರೂ ಹೇಳಿದ್ದುಂಟಾ? ನಂದಿಸುವಾಗಲೂ ದೊಡ್ಡದು ಮಾಡು ಅಂತಲೇ ಹೇಳ್ತಿದ್ದದ್ದು. ಪೂಜೆ ಮಾಡಿ ಹಚ್ಚಿದ ಬೆಳಕು ಇದು. ನಾನು ಆರಿಸುವುದಿಲ್ಲ."

ಹೇಳಿ, ಇಂಥವನ ಹತ್ತಿರ ಏನು ಮಾತಾಡುವುದು? ದೀಪಕ್ಕೆ ಎಣ್ಣೆ ಮುಗಿಯುತ್ತದೆ, ಇವನ ಬಾಯಿಗೆ ಮಾತು ಮುಗಿಯುವುದಿಲ್ಲ. ಹಾಗಾಗಿ ಸ್ಲೀಪ್ ಒತ್ತಿದರೆ ಕಂಪ್ಯೂಟರ್ ಮಲಗುವುದು ಮಾತ್ರ, ಆರುವುದಿಲ್ಲ.

ಮಲಗುವುದಕ್ಕೆ ಅದಕ್ಕೆ ಒಂದು ಕ್ಷಣ ಸಾಕು. ಏಳುವುದು? ಇವನು ಗುಂಡಿ ಒತ್ತುತ್ತಾನೆ, ಪರದೆ ಬೆಳಗುತ್ತದೆ, ಅಷ್ಟೆ. ಬಾಣದ ಗುರುತು ಈ ಮೂಲೆಯಿಂದ ಆ ಮೂಲೆಗೆ ಮಂಡಿನೋವಿನ ಮುದುಕಿಯ ಹಾಗೆ ಹೋಗುತ್ತದೆ. ನಾನು ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೇನೆ. ಅದು ಎದ್ದು ಚೆಂಡೆಯ ಸದ್ದು ಬರುವುದರೊಳಗೆ ನಾನು ಮೂವತ್ತು ಬಂಗುಡೆ ಮೀನು ಹೆಚ್ಚಿ ತೊಳೆದಾಗಿರುತ್ತದೆ. ಮನೆಯಲ್ಲಿರುವುದು ಇಬ್ಬರೇ, ಮೂವತ್ತು ಬಂಗುಡೆ ಯಾರಿಗೆ ಎಂದು ಕೇಳಬೇಡಿ.

ಕೊನೆಗೆ ಬಿಕರ್ನಕಟ್ಟೆಯಿಂದ ರಿಪೇರಿಯವಳನ್ನು ಕರೆಸಿದೆ. ನಲವತ್ತೈದು ದಾಟಿದ ಗಟ್ಟಿ ಹೆಂಗಸು. ಬಂದವಳು ಚಾ ಕೂಡ ಕುಡಿಯದೆ ಕಂಪ್ಯೂಟರಿನ ಮುಂದೆ ಕೂತಳು. ಸ್ವಲ್ಪ ಹೊತ್ತು ನೋಡಿ ಹಣೆಗೆ ಕೈ ಹಚ್ಚಿದಳು.

"ಅಜ್ಜ, ಇದರಲ್ಲಿ ಇಪ್ಪತ್ತೇಳು ಯಕ್ಷಗಾನ ಒಟ್ಟಿಗೆ ತೆರೆದುಂಟು. ಒಂದನ್ನೂ ಮುಚ್ಚಿಲ್ಲ ಯಾಕೆ?"

"ಮಂಗಳ ಹಾಡುವ ಮೊದಲು ಆಟ ಮುಚ್ಚಬಾರದಮ್ಮ."

"ಮಂಗಳದವರೆಗೆ ನೋಡಿ ಮತ್ತೆ!"

"ಅಷ್ಟರಲ್ಲಿ ಅವನಿಗೆ ನಿದ್ದೆ ಬರ್ತದೆ" ಎಂದೆ ನಾನು. ಸತ್ಯ ಹೇಳಲಿಕ್ಕೆ ನನಗೇನು ನಾಚಿಕೆ?

ಅವಳು ನಕ್ಕಳು. "ಪ್ರತಿಸಲ ಏಳುವಾಗ ಇದು ಇಪ್ಪತ್ತೇಳು ರಾಕ್ಷಸರನ್ನೂ ಒಟ್ಟಿಗೆ ಎಬ್ಬಿಸಬೇಕು ಅಜ್ಜ. ನಿಧಾನ ಆಗದೆ ಎಂತ ಆಗ್ತದೆ? ಒಮ್ಮೆ ರೀಸ್ಟಾರ್ಟ್ ಮಾಡಿ, ಎಲ್ಲ ಸರಿಯಾಗ್ತದೆ" ಎಂದು ಗುಂಡಿಗೆ ಕೈ ಹಾಕಿದಳು. ಇವನು ಅಡ್ಡ ನಿಂತ. ರೀಸ್ಟಾರ್ಟ್ ಎಂದರೆ ಮೊದಲು ಆರಬೇಕಲ್ಲ? ಅವಳು ಚಾ ಕುಡಿದು ಹೋದಳು.

ಬೆಡ್‌ಶೀಟಿನ ಕಥೆ ಗೊತ್ತಾದದ್ದು ಅದರ ಮರುದಿನ. ನನ್ನ ಶೀಟ್ ಹುಡುಕುತ್ತಾ ಅವನ ಕೋಣೆಗೆ ಹೋದರೆ ಅದು ಮೇಜಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆಯ ಮೈಮೇಲೆ, ನಾಲ್ಕು ಮಡಿಕೆಯಲ್ಲಿ! ಕಡಲಗಾಳಿಗೆ ತುಕ್ಕು ಹಿಡಿಯಬಾರದಂತೆ. ಎದ್ದು ಕೆಲಸ ಮಾಡುವಾಗಲೂ ಶೀಟ್ ತೆಗೆಯುತ್ತಿರಲಿಲ್ಲ, ರಿಪೇರಿಯವಳು ಬಂದಾಗ ಮಾತ್ರ ಅಡಗಿಸಿಟ್ಟಿದ್ದನಂತೆ. ಕೈಯಿಟ್ಟು ನೋಡಿದೆ. ಇಡ್ಲಿ ಬೇಯುವ ಪಾತ್ರೆಯ ಹಾಗೆ ಸುಡುತ್ತಿತ್ತು.

"ಬಿಸಿ ಅನ್ನದ ಪಾತ್ರೆಯ ಬಾಯಿ ಮುಚ್ಚಿದರೆ ಎಂತ ಆಗ್ತದೆ?" ಎಂದು ಕೇಳಿದೆ.

"ಬೆವರ್ತದೆ."

"ಮತ್ತೆ? ಇದಕ್ಕೆ ಉಸಿರು ಬೇಡವಾ?"

ಶೀಟ್ ಎಳೆದುಕೊಂಡೆ. ಮರುದಿನದಿಂದ ಮೂವತ್ತು ಬಂಗುಡೆಯ ನಿದ್ದೆ ಇಪ್ಪತ್ತಕ್ಕೆ ಇಳಿಯಿತು. ರಿಪೇರಿಗೆ ಓದು ಬೇಕೆಂದು ಯಾರು ಹೇಳಿದ್ದು?

ಇಷ್ಟಾಗುವಾಗ ಮಸ್ಕತ್ತಿನಲ್ಲಿ ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿತು. ನಮ್ಮದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬ. ಮನೆಯ ಹೆಣ್ಣುಮಕ್ಕಳ ಮಕ್ಕಳಿಗೆ ಮೊದಲು ಹೆಸರು ಕರೆಯುವವನು ಹಿರಿಯ ಸೋದರಮಾವ. ಅಂದರೆ ಇವನೇ. ಹೆಂಡತಿ ಮಕ್ಕಳಿಲ್ಲದವನಿಗೆ ಈ ಮನೆಯಲ್ಲಿ ಇರುವ ಒಂದೇ ಒಂದು ದೊಡ್ಡಸ್ತಿಕೆ ಅದು. ನನ್ನ ಮಗಳ ಹೆಸರೂ ಅವನು ಕರೆದದ್ದೇ, ಮೊಮ್ಮಗಳದ್ದೂ.

ಮಗುವಿಗೆ ತನ್ವಿ ಎಂದು ಹೆಸರು ಆರಿಸಿದ್ದರು. "ಬಾಯಿ ತೆರೆಯುವಷ್ಟರಲ್ಲಿ ಮುಗೀತದೆ ಇದು" ಎಂದು ಗೊಣಗಿದ. ಆದರೂ ಎಂಟು ದಿನ ಅಭ್ಯಾಸ ಮಾಡಿದ. ಬಾವಿಕಟ್ಟೆಯಲ್ಲಿ ತನ್ವಿ, ಬಚ್ಚಲಲ್ಲಿ ತನ್ವಿ. ಮೀನು ತರುವವಳಿಗೂ ಒಮ್ಮೆ ತನ್ವಿ ಎಂದುಬಿಟ್ಟ! ಫೋನಿನಲ್ಲೇ ಕರೆ ಎಂದರೆ ಒಪ್ಪಲಿಲ್ಲ. ಕಣ್ಣಿನ ಆಪರೇಶನ್ ಆದ ಮೇಲೆ ಅವನಿಗೆ ಸಣ್ಣದು ಕಾಣುವುದಿಲ್ಲ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಮಗುವಿನ ಮುಖ ನೋಡಿಯೇ ಕರೆಯಬೇಕಂತೆ.

ನಾಮಕರಣದ ದಿನ ಬಿಳಿ ಪಂಚೆ ಉಟ್ಟು, ಗಂಧ ಹಚ್ಚಿ, ಮುಕ್ಕಾಲು ಗಂಟೆ ಮೊದಲೇ ಗುಂಡಿ ಒತ್ತಿದ. ಪರದೆ ಬೆಳಗಿತು. ಬಾಣ ನಾಲ್ಕು ಬೆರಳು ನಡೆದು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಮೇಜು ತಟ್ಟಿದ, ಕೈ ಮುಗಿದ, ಫ್ಯಾನನ್ನು ಪೆಟ್ಟಿಗೆಯ ಕಡೆ ತಿರುಗಿಸಿದ. ಇಲ್ಲ. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಮೊಮ್ಮಗಳ ಫೋನ್ ಬಂತು.

"ಅಜ್ಜಿ, ಅಜ್ಜ ಎಲ್ಲಿ? ಹೊತ್ತು ಮೀರಿದರೆ ನನ್ನ ಮಾವ ಕರೀತಾರಂತೆ."

ಅವಳ ಮಾವ, ಅಂದರೆ ಗಂಡನ ಅಪ್ಪ. ಇವನಿಗೆ ಅದು ಕೇಳಿಸಿತು. ಮುಖ ಸೋರೆಕಾಯಿಯಂತೆ ಬಿಳಿಚಿಕೊಂಡಿತು. ಆದರೂ ಕೈ ಗುಂಡಿಯ ಹತ್ತಿರ ಹೋಗಿ ಹೋಗಿ ವಾಪಸ್ಸು ಬರುತ್ತಿತ್ತು.

"ಅಕ್ಕ, ಇಂಥ ದಿನವೇ ಬೆಳಕು ಆರಿಸುವುದಾ?"

"ನೀನು ಆರಿಸಬೇಡ. ನಾನು ದೊಡ್ಡದು ಮಾಡ್ತೇನೆ" ಎಂದು ಹೆಬ್ಬೆರಳಲ್ಲಿ ಒತ್ತಿ ಹಿಡಿದೆ.

ಪರದೆ ಕಪ್ಪಾಯಿತು. ಅವನು ಕಣ್ಣು ಮುಚ್ಚಿಕೊಂಡ. ಇನ್ನೊಮ್ಮೆ ಒತ್ತಿದೆ. ನಿಜ ಹೇಳುತ್ತೇನೆ, ಎರಡು ಬಂಗುಡೆ ಹೆಚ್ಚುವಷ್ಟು ಹೊತ್ತೂ ಆಗಲಿಲ್ಲ. ಇಪ್ಪತ್ತೇಳು ರಾಕ್ಷಸರೂ ಮಾಯ! ಬಾಣ ಜಿಂಕೆಯ ಹಾಗೆ ಓಡಿತು. ಮಸ್ಕತ್ತಿನ ಮನೆ ಪರದೆಯ ತುಂಬ ಬಂತು. ತೊಟ್ಟಿಲು, ಹೂ, ಜನ, ನಡುವೆ ಮಗು. ಅದು ಸರಿಯಾಗಿ ಇವನ ಕಡೆಗೇ ಮುಖ ಮಾಡಿ ಆಕಳಿಸಿತು.

"ಕರೆಯಿರಿ ಅಜ್ಜ" ಎಂದಳು ಮೊಮ್ಮಗಳು.

ಇವನು ಕರೆಯಲಿಲ್ಲ. ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ ಕೂತುಬಿಟ್ಟ. ಆ ಕಡೆಯವರೆಲ್ಲ ಬಗ್ಗಿ ಬಗ್ಗಿ ನೋಡಿದರು.

"ಅಜ್ಜಿ, ಅಜ್ಜನ ಚಿತ್ರ ಅಲ್ಲಾಡುವುದೇ ಇಲ್ಲವಲ್ಲ. ನಿಮ್ಮ ಕಂಪ್ಯೂಟರ್ ಪುನಃ ನಿಂತಿತಾ?"

ನಾನು ಅವನ ಮುಖ ನೋಡಿದೆ. ಗಲ್ಲದ ಮೇಲಿಂದ ನೀರು ಇಳಿಯುತ್ತಿತ್ತು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡು ಅವನ ಬೆನ್ನ ಮೇಲೆ ಕೈ ಇಟ್ಟೆ.

"ಕಂಪ್ಯೂಟರ್ ಸರಿ ಉಂಟು ಮಗಾ. ನಿಂತದ್ದು ನಿನ್ನ ಅಜ್ಜ. ನಿನ್ನ ಮಾವನವರಿಗೆ ಹೇಳು, ಕರೆಯುವವನು ಇಲ್ಲೇ ಇದ್ದಾನೆ, ಸ್ವಲ್ಪ ಹೊತ್ತು ಕೊಡಿ ಅಂತ."

ಕೊಟ್ಟರು. ಆ ಕಡೆ ಯಾರೂ ಗಡಿಯಾರ ನೋಡಲಿಲ್ಲ.