ದನದ ಡಾಕ್ಟ್ರು ಹುಟ್ಟು ಹಾಕಿದ್ದು

ನಾನು ದನದ ಡಾಕ್ಟರು. ಈಜು ಬರೋದಿಲ್ಲ. ನಮ್ಮ ಕಡೆ ಅದೇನು ದೊಡ್ಡ ಕೊರತೆ ಆಗಿರಲಿಲ್ಲ, ಕೆರೆಗಳಲ್ಲಿ ಜನ ಕ್ರಿಕೆಟ್ ಆಡುತ್ತಿದ್ದರು. ಯಾವಾಗ ಮಳೆ ಹಿಡಿದು ಕೆರೆಗಳೆಲ್ಲ ತುಂಬಿದವೋ, ಅವತ್ತಿನಿಂದ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇದೆ. ದನಕ್ಕೆ ಕಾಯಿಲೆ ಬರುವುದು ನೀರಿನ ಆಚೆ ದಡದಲ್ಲೇ. ದೋಣಿ ಮಾತ್ರ ಯಾರ ಹತ್ತಿರವೂ ಇಲ್ಲ.

ಚಪ್ಪಲಿ

ಬಾಗೂರಿನ ಹತ್ತಿರ ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿತ್ತು. ದಾರಿ ಮುಳುಗಿತ್ತು. ಹೊಸದುರ್ಗದ ಪಂಚರ್ ಅಂಗಡಿ ಸಾಬರು ಲಾರಿ ಟ್ಯೂಬಿಗೆ ಗಾಳಿ ತುಂಬಿ ಕೊಟ್ಟರು. ಅದರಲ್ಲಿ ಕೂತು, ಎರಡೂ ಕೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ಹುಟ್ಟು ಹಾಕಿದೆ. ನಡುನೀರಲ್ಲಿ ಎಡಗೈ ಚಪ್ಪಲಿ ಜಾರಿಹೋಯಿತು. ಗಾಬರಿಯಲ್ಲಿ ಬಲಗೈ ಜೋರಾಗಿ ಹೊಡೆದಷ್ಟೂ ಟ್ಯೂಬು ಬುಗುರಿಯಂತೆ ತಿರುಗಿತು.

"ಡಾಕ್ಟ್ರೇ, ಈ ಕಡೆ ಬರ್ರಿ!" ಹಸುವಿನ ಯಜಮಾನ ಕೂಗಿದ.

"ಎಲ್ಲಾ ಕಡೆನೂ ಬರ್ತಾ ಇದೀನಿ ಕಣಪ್ಪ!"

ಗಾಳಿ ದಬ್ಬಿ ನಾನು ದಡ ಸೇರುವಷ್ಟರಲ್ಲಿ ಹಸು ತಾನೇ ಕರು ಹಾಕಿ ನೆಕ್ಕುತ್ತಿತ್ತು. ಕರು ಒರೆಸಿದ ಗೋಣಿಚೀಲದಲ್ಲೇ ನನ್ನನ್ನೂ ಒರೆಸಿದರು. ಟ್ಯೂಬು ವಾಪಸ್ ಕೊಡುವಾಗ ದೂರು ಹೇಳಿದೆ.

"ಗಾಳಿಗೆ ನಾನು ಜವಾಬ್ದಾರಿ ಸಾರ್, ದಿಕ್ಕಿಗಲ್ಲ" ಅಂದರು ಸಾಬರು.

ತೂತಿನ ಹುಟ್ಟು

ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹಸುವಿಗೆ ಜ್ವರ, ಕೊಟ್ಟಿಗೆ ಸುತ್ತ ಕೆರೆ ಕೋಡಿಯ ನೀರು. ಅವರು ಅಡಿಕೆ ಬೇಯಿಸುವ ಹಂಡೆಯನ್ನೇ ನೀರಿಗಿಳಿಸಿ, "ಕುಂತ್ಕಳ್ರಿ ಸಾರ್, ಎಲ್ಲೂ ಸೋರಲ್ಲ" ಅಂದರು. ಹುಟ್ಟಿಗೆ ಅಂತ ಕೊಟ್ಟದ್ದು ಬೆಂದ ಅಡಿಕೆ ಎತ್ತುವ ಜಾಲರಿ. ಹತ್ತು ನಿಮಿಷ ಹೊಡೆದೆ. ನೀರೆಲ್ಲ ತೂತಿನಲ್ಲಿ ನುಸುಳಿತು, ಹಂಡೆ ಇದ್ದಲ್ಲೇ ಇತ್ತು. ಕೊನೆಗೆ ಅವರೇ ಪಂಚೆ ಎತ್ತಿಕಟ್ಟಿ ನೀರಿಗಿಳಿದು ಹಂಡೆ ತಳ್ಳಿದರು. ನೀರು ಅವರ ತೊಡೆಗೂ ಬರಲಿಲ್ಲ!

"ಮೊದ್ಲೇ ಹೇಳ್ಬಾರ್ದೇನ್ರಿ? ನಡ್ಕಂಡೇ ಬರ್ತಿದ್ದೆ."

"ನಿಮ್ ಪ್ಯಾಂಟ್ ಹಾಳಾಗ್ತೈತೆ ಅಂತ ಸಾರ್."

ಹಂಡೆಯಿಂದ ಎದ್ದು ನೋಡಿದರೆ, ಬಿಳಿ ಪ್ಯಾಂಟಿನ ಹಿಂಭಾಗಕ್ಕೆಲ್ಲ ಅಡಿಕೆ ಚೊಗರಿನ ಕೆಂಪು ಬಣ್ಣ. ಇವತ್ತಿಗೂ ಹೋಗಿಲ್ಲ.

ಬಾಗಿಲು

ಆದಿವಾಲದ ಅಜ್ಜಿಯೊಬ್ಬರ ಎಮ್ಮೆ ಕೆರೆ ನಡುವಿನ ದಿಬ್ಬದ ಮೇಲೆ ಎರಡು ದಿನದಿಂದ ಮಲಗಿಬಿಟ್ಟಿತ್ತು. ಏನು ಮಾಡಿದರೂ ಏಳದು. ಅಜ್ಜಿಗೆ ಇದ್ದದ್ದು ಅದೊಂದೇ. ಅಳುತ್ತಲೇ ಹಳೇ ಬಾಗಿಲೊಂದಕ್ಕೆ ಖಾಲಿ ಕ್ಯಾನುಗಳನ್ನು ಕಟ್ಟಿಸಿ ನೀರಿಗೆ ಬಿಡಿಸಿದರು. ಹುಟ್ಟಿಗೆ ಕ್ರಿಕೆಟ್ ಬ್ಯಾಟು. ಅಜ್ಜಿಯ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.

ಹೇಗೋ ದಿಬ್ಬ ಮುಟ್ಟಿದೆ. ಬಾಗಿಲು ತೇಲಿಹೋಗದಿರಲಿ ಅಂತ ಅದರ ಹಗ್ಗವನ್ನು ಎಮ್ಮೆಯ ಕೊರಳಿಗೇ ಕಟ್ಟಿದೆ. ಏಳಲಾರದ ಎಮ್ಮೆ ಎಲ್ಲಿಗೆ ಹೋದೀತು? ಬಾಗಿಲ ಮೇಲೇ ಕೂತು ಸಿರಿಂಜಿಗೆ ಔಷಧಿ ಎಳೆದೆ. ಎಮ್ಮೆ ಒಂದ್ಸಲ ಸಿರಿಂಜು ನೋಡಿತು, ಒಂದ್ಸಲ ನನ್ನ ನೋಡಿತು. ದಡಕ್ಕನೆ ಎದ್ದು ನೀರಿಗೆ ಬಿತ್ತು. ಅದರ ಹಿಂದೆ ಬಾಗಿಲು, ಬಾಗಿಲ ಮೇಲೆ ನಾನು. ಬೋರಲು ಬಿದ್ದು ಚಿಲಕ ಹಿಡಿದುಕೊಂಡು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ದಡದ ಮೇಲೆ ಜನರ ಸಿಳ್ಳೆಯೋ ಸಿಳ್ಳೆ.

ಎಮ್ಮೆ ದಡ ಹತ್ತಿ, ಮೈ ಕೊಡವಿ, ಹುಲ್ಲಿಗೆ ಬಾಯಿ ಹಾಕಿತು. ಅಜ್ಜಿ ಅದರ ಕೊರಳು ತಬ್ಬಿಕೊಂಡು ಇನ್ನಷ್ಟು ಅತ್ತರು. ನಾನಿನ್ನೂ ಚಿಲಕ ಬಿಟ್ಟಿರಲಿಲ್ಲ.

"ಔಷಧಿ ಇನ್ನೂ ಕೊಟ್ಟಿಲ್ಲ ಅಜ್ಜಿ" ಅಂದೆ.

ಅಜ್ಜಿ ಕಣ್ಣೊರೆಸಿಕೊಂಡರು. "ಔಷಧಿ ಬ್ಯಾಡಪ್ಪ. ವಾರಕ್ಕೊಂದ್ಸಲ ಬಂದು ಮುಖ ತೋರ್ಸಿ ಹೋಗು, ಸಾಕು."